ಸುಂಕಮ್ಮನ ಸರದಿ

ಮೊನ್ನೆ ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯವರು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದರು. ಮಧ್ಯಾಹ್ನದ ಬಿಸಿಲಿಗೆ ಘಾಟು ಎದ್ದು ಕಿಟಕಿಯೊಳಗಿಂದ ನಮ್ಮ ಅಡುಗೆಮನೆಗೂ ಬಂತು. ಅತ್ತೆ ಕೆಮ್ಮಿದರು, ನಾನು ಕೆಮ್ಮಿದೆ, ಓಣಿಯಲ್ಲಿ ಹೋಗುತ್ತಿದ್ದವರೂ ಕೆಮ್ಮಿದರು. ನಮ್ಮ ಸೀಮೆಯಲ್ಲಿ ಸುಗ್ಗಿಯ ಗುರುತೇ ಅದು. ಎಲ್ಲರೂ ನಕ್ಕು ಕಣ್ಣೊರೆಸಿಕೊಂಡು ಮುಂದೆ ಹೋಗುತ್ತಾರೆ. ನನಗೆ ನಗು ಬರಲಿಲ್ಲ. ಒಲೆ ಆರಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಆ ಜನವರಿಯ ಸಿಟ್ಟು ಇನ್ನೂ ಹಾಗೇ ಇದೆಯಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಅಮೆರಿಕದಲ್ಲಿ ಹೊಸ ಸರ್ಕಾರ ಬಂದು ಹೊರದೇಶಗಳಿಗೆ ಕೊಡುವ ನೆರವನ್ನು ಒಮ್ಮೆಲೇ ನಿಲ್ಲಿಸಿದ ಜನವರಿ ಅದು. ಅದರ ಸುದ್ದಿಯನ್ನು ಬಹಳ ಜನ ಪೇಪರಿನಲ್ಲಿ ಓದಿ ಮರೆತಿರಬಹುದು. ನಾನು ಅದನ್ನು ತೆಕ್ಕಲಕೋಟೆಯ ಒಂದು ಸಮುದಾಯ ಭವನದ ಬಾಗಿಲಲ್ಲಿ, ಕೈಯಲ್ಲಿ ಕಫದ ಡಬ್ಬಿಗಳನ್ನು ಹಿಡಿದುಕೊಂಡು ನಿಂತಾಗ ಕೇಳಿದೆ.

ಆಗ ನಾನು ಕ್ಷಯರೋಗ ಪತ್ತೆ ಮಾಡುವ ಒಂದು ಯೋಜನೆಯಲ್ಲಿ ಊರೂರು ತಿರುಗುವ ಕೆಲಸದಲ್ಲಿದ್ದೆ. ಮಾತ್ರೆ ನಮ್ಮ ಸರ್ಕಾರದ್ದು, ಪ್ರಯೋಗಾಲಯ ನಮ್ಮ ಸರ್ಕಾರದ್ದು. ಆಸ್ಪತ್ರೆಯ ತನಕ ಬಾರದವರನ್ನು ಹುಡುಕಿಕೊಂಡು ಹೋಗುವ ಗಾಡಿ, ಅದರೊಳಗಿನ ಸಣ್ಣ ಎಕ್ಸರೇ ಮಿಷನ್ನು, ನಮ್ಮ ಸಂಬಳ ಮಾತ್ರ ಅಮೆರಿಕ ಸರ್ಕಾರದ ನೆರವಿನಿಂದ ಬರುತ್ತಿದ್ದವು. ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಆಫೀಸು. ಗಾಡಿ ಓಡಿಸಲು ಕೌಲ್ ಬಜಾರಿನ ಖಾಜಾ ಭಾಯಿ, ಎಕ್ಸರೇ ತೆಗೆಯಲು ವಿನಯ್ ಎಂಬ ತರುಣ, ಜನರನ್ನು ಒಪ್ಪಿಸಿ ಕರೆತರಲು ನಾನು. ಬೆಳಿಗ್ಗೆ ಹೊರಟರೆ ಸಿರುಗುಪ್ಪದ ಅಕ್ಕಿ ಗಿರಣಿಗಳ ಕಡೆಗೋ, ಕಾಲುವೆ ಪಕ್ಕದ ಕ್ಯಾಂಪು ಎನ್ನುವ ಸಣ್ಣ ಊರುಗಳ ಕಡೆಗೋ ಹೋಗಿ ಸಂಜೆಗೆ ವಾಪಸಾಗುತ್ತಿದ್ದೆವು.

ಈ ಕೆಲಸ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಕಾಲೇಜಿಗೆ ಹೋಗುವಾಗ ನನಗೂ ಟಿಬಿ ಬಂದಿತ್ತು. ಅವ್ವ ಅದನ್ನು ಓಣಿಗೆಲ್ಲಾ ‘ಕಾಮಣಿ’, ಅಂದರೆ ಕಾಮಾಲೆ, ಎಂದು ಹೇಳಿ, ನನ್ನ ಮಾತ್ರೆಗಳನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ನಾನು ಗುಣವಾದೆ, ಮದುವೆಯಾದೆ, ಮಗಳನ್ನು ಹೆತ್ತೆ. ಈ ರೋಗದಲ್ಲಿ ಕೆಮ್ಮಿಗಿಂತ ಮೊದಲು ಗೆಲ್ಲಬೇಕಾದ್ದು ನಾಚಿಕೆಯನ್ನು ಎಂದು ನನಗೆ ಯಾವ ತರಬೇತಿಯಲ್ಲೂ ಯಾರೂ ಕಲಿಸಬೇಕಾಗಿರಲಿಲ್ಲ.

ಸುಂಕಮ್ಮನನ್ನು ಮೊದಲ ಸಲ ನೋಡಿದ್ದು ಆ ಸುಗ್ಗಿಯ ಆರಂಭದಲ್ಲಿ. ತೆಕ್ಕಲಕೋಟೆಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿ ಹೆಂಗಸರ ಒಂದು ಗುಂಪಿಗೆ ಆಕೆ ಮೇಸ್ತ್ರಿ. ಯಾವ ಹೊಲಕ್ಕೆ ಯಾರು, ಟಂಟಂ ಆಟೋದಲ್ಲಿ ಯಾರು ಮುಂದೆ ಯಾರು ಹಿಂದೆ, ಬುತ್ತಿ ಬಿಚ್ಚುವುದು ಎಷ್ಟೊತ್ತಿಗೆ, ಎಲ್ಲಾ ಆಕೆಯೇ ಹೇಳಬೇಕು. ಎತ್ತರದ ಹೆಂಗಸು, ಗಟ್ಟಿ ಗಂಟಲು. ಆ ಗಂಟಲಿನಲ್ಲಿ ಮಾತಿನ ನಡುವೆ ಒಂದು ಕೆಮ್ಮು ಬರುತ್ತಿತ್ತು. ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗುತ್ತಿದ್ದಳು. ಆಕೆಯ ಸೊಸೆ ಪಾರ್ವತಿ ಕೂಡ ಕೆಮ್ಮುತ್ತಿದ್ದಳು. ಮಗು ಹುಟ್ಟಿದ ಮೇಲೆ ಮೈಯಿಳಿದು, ಬಳೆಗಳು ಮೊಣಕೈ ತನಕ ಜಾರುವಷ್ಟು ಸೊರಗಿದ್ದಳು.

“ಇದು ಮೆಣಸಿನಕಾಯಿ ಕೆಮ್ಮವ್ವ,” ಎಂದಳು ಸುಂಕಮ್ಮ, ನಾನು ಕೇಳುವುದಕ್ಕೂ ಮೊದಲೇ. “ಸುಗ್ಗಿ ಮುಗಿದ್ರ ತಾನ ಹೋಗತೈತಿ. ಆಕಿ ಬಾಣಂತನದಾಗ ಪಥ್ಯ ಮಾಡಿಲ್ಲ, ಅದಕ್ಕ ಸೊರಗ್ಯಾಳ. ನಮ್ಮನಿ ಮುಂದ ಆ ಗಾಡಿ ತಂದು ನಿಲ್ಲಿಸಬ್ಯಾಡ. ಊರಾಗ ಬಾಳೇವು ಮಾಡೋರು ನಾವು.”

ಆಮೇಲೆ ಎಷ್ಟೋ ಸಲ ಹೋದೆ. ಒಮ್ಮೆ ಬಾಗಿಲು ತೆರೆಯಲಿಲ್ಲ. ಒಮ್ಮೆ ಬೈದು ಕಳಿಸಿದಳು. ಅರ್ಧ ಬೈಗುಳ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಇನ್ನೊಮ್ಮೆ ಚಹಾ ಕೊಟ್ಟಳು, ಮಾತಾಡಲಿಲ್ಲ. ಆಕೆ ಬಂದರೆ ಗುಂಪಿನ ಹೆಂಗಸರೆಲ್ಲಾ ಬರುತ್ತಾರೆ, ಆಕೆ ಬಾರದಿದ್ದರೆ ಒಬ್ಬಳೂ ಬರುವುದಿಲ್ಲ ಎಂದು ಗೊತ್ತಿದ್ದುದರಿಂದ ನಾನೂ ಬಿಡಲಿಲ್ಲ. ಒಂದು ದಿನ ಹೊಲಕ್ಕೇ ಹೋದೆ. ಅವರ ಜೊತೆ ಸಾಲು ಹಿಡಿದು ಮೆಣಸಿನಕಾಯಿ ಬಿಡಿಸಿದೆ. ಕೈ ಉರಿ ಹತ್ತಿತು. ಬುತ್ತಿ ಬಿಚ್ಚುವ ಹೊತ್ತಿಗೆ ಬೇವಿನ ಮರದ ಕೆಳಗೆ ಕುಳಿತು ನನ್ನ ಕಥೆ ಹೇಳಿದೆ.

ಸುಂಕಮ್ಮ ಬಾಯಿಗಿಟ್ಟುಕೊಳ್ಳುತ್ತಿದ್ದ ರೊಟ್ಟಿಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು.

“ನಿನಗ ಬಂದಿತ್ತಾ?”

“ಬಂದಿತ್ತು.”

“ಮದಿವಿ ಆಗೇತೇನು?”

“ಆಗೇತಿ.”

“ಗಂಡಗ ಗೊತ್ತೈತೇನು?”

“ಗೊತ್ತೈತಿ. ಇವತ್ತಿನ ಬುತ್ತಿ ಅವನ ಕಟ್ಟಿ ಕೊಟ್ಟಾನ.”

ಹೆಂಗಸರೆಲ್ಲಾ ನಕ್ಕರು. ಸುಂಕಮ್ಮ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಉಳಿದವರು ನೀರಿಗೆ ಎದ್ದು ಹೋದಾಗ, ತಗ್ಗಿದ ದನಿಯಲ್ಲಿ ಹೇಳಿದಳು. “ನಮ್ಮಕ್ಕಗ ಇದ ಬ್ಯಾನಿ ಬಂದಿತ್ತು. ಗಂಡನ ಮನಿಯಾಗ ದನದ ಕೊಟ್ಟಿಗ್ಯಾಗ ಮಲಗಿಸಿದ್ರು. ಉಣ್ಣೋ ಗಂಗಾಳ ಬ್ಯಾರೆ, ಹಾಸಿಗಿ ಬ್ಯಾರೆ. ಸತ್ತಾಗ ಮೈ ತೊಳಿಯಾಕ ಯಾರೂ ಬರಲಿಲ್ಲ. ನಾನ ತೊಳದೆ. ನಾನು ಆಗ ಸಣ್ಣಾಕಿ.” ಏಳುವಾಗ, “ಮುಂದಿನ ವಾರ ಗಾಡಿ ತರ್ತೀಯಲ್ಲ, ಪಾರೀನ ಕಳಿಸ್ತೀನಿ. ನಂದು ಆಮ್ಯಾಲೆ ನೋಡೋಣು,” ಎಂದಳು.

ಗಾಡಿ ತಂದ ದಿನ ಸುಂಕಮ್ಮ ಪಾರ್ವತಿಯನ್ನು ಕಳಿಸುವುದಷ್ಟೇ ಅಲ್ಲ, ತಾನೂ ಬಂದಳು. ಇಡೀ ಗುಂಪನ್ನು ಕರೆತಂದಳು. ಮಿಷನ್ನನ್ನು ಗಾಡಿಯಿಂದ ಸಮುದಾಯ ಭವನದೊಳಗೆ ಇಳಿಸಿಕೊಂಡಿದ್ದೆವು, ಅಂಗಳದಲ್ಲಿ ಹೆಂಗಸರ ಸಾಲು. ಎಲ್ಲರಿಗಿಂತ ಮೊದಲು ಪಾರ್ವತಿಯನ್ನು ನಿಲ್ಲಿಸಿದಳು. ವಿನಯ್ ಎಕ್ಸರೇ ತೆಗೆದ. ಪರದೆಯ ಮೇಲೆ ಪಾರ್ವತಿಯ ಎದೆಯ ಬಲಗಡೆ ಮಸುಕು ಕಂಡಿತು. ಆಕೆಯನ್ನು ಹೊರಗೆ ಬಯಲಿಗೆ ಕರೆದೊಯ್ದು ಡಬ್ಬಿಯಲ್ಲಿ ಕಫ ತೆಗೆಸಿದೆ. ಇನ್ನು ಕೆಲವರದ್ದೂ ಆಯಿತು. ಆಮೇಲೆ ಸುಂಕಮ್ಮನ ಸರದಿ. ಎಕ್ಸರೇಗೆ ಕೊರಳಲ್ಲಿ ಏನೂ ಇರಬಾರದು ಎಂದಿದ್ದಕ್ಕೆ ಗುಂಡಿನ ಸರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡು, ಹಲಗೆಗೆ ಎದೆಯಾನಿಸಿ ನಿಂತಳು. ನನ್ನನ್ನು ನೋಡಿ, “ನೋವಾಗಂಗಿಲ್ಲ ಹೌದಲ್ಲೇನು?” ಎಂದಳು. ಅಷ್ಟು ದೊಡ್ಡ ಗಂಟಲಿನ ಹೆಂಗಸು ಸಣ್ಣ ದನಿಯಲ್ಲಿ ಕೇಳಿದಳು.

ಆಗಲೇ ನನಗೆ ಫೋನು ಬಂತು. ಬಳ್ಳಾರಿ ಆಫೀಸಿನ ಮ್ಯಾನೇಜರ್ ಸುರೇಶ್ ಸರ್.

“ಶಿವಲೀಲಾ, ಎಲ್ಲಾ ನಿಲ್ಲಿಸಿಬಿಡ್ರಿ. ಈಗಲೇ. ಮಿಷನ್ ಬಂದ್ ಮಾಡಿ ಗಾಡಿ ವಾಪಸ್ ತರ್ರಿ.”

“ಏನಾತ್ರಿ ಸರ್?”

“ಮ್ಯಾಲಿಂದ ಆರ್ಡರ್ ಬಂದೈತಿ. ಅಮೆರಿಕದಿಂದ ಡೆಲ್ಲಿಗೆ, ಡೆಲ್ಲಿಯಿಂದ ನಮಗ. ಈ ಕ್ಷಣದಿಂದ ಯಾವ ಕೆಲಸಾನೂ ಮಾಡೋಹಂಗಿಲ್ಲ.”

“ಸರ್, ಇಲ್ಲಿ ಸಾಲು ನಿಂತೈತಿ. ಒಬ್ಬಾಕಿ ಮಿಷನ್ ಮುಂದ ನಿಂತಾಳ.”

“ದಯವಿಟ್ಟು ನನ್ನ ಮಾತು ಕೇಳ್ರಿ,” ಎಂದರು.

ನಾನು ವಿನಯ್ ಕಡೆ ತಿರುಗಿ, “ಇದೊಂದು ತಗಿ,” ಎಂದೆ. ಆತ ಗುಂಡಿಗಳನ್ನು ಒತ್ತಿದ, ಮತ್ತೆ ಒತ್ತಿದ. ಚಿತ್ರ ಬರಬೇಕಾದ ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳುತ್ತಿತ್ತು, ಕೊಟ್ಟರೆ ಒಪ್ಪುತ್ತಿರಲಿಲ್ಲ. “ಅಲ್ಲಿಂದನ ಬಂದ್ ಮಾಡ್ಯಾರ್ರಿ ಮೇಡಂ,” ಎಂದ.

ಎಲ್ಲೋ ಒಂದು ಕಚೇರಿಯಲ್ಲಿ ಯಾರೋ ಒಬ್ಬರು ಒಂದು ಗುಂಡಿ ಒತ್ತಿದ್ದರು. ಅವರಿಗೆ ತೆಕ್ಕಲಕೋಟೆ ಎಂಬ ಊರು ಇದೆ ಎಂದೇ ಗೊತ್ತಿರಲಿಲ್ಲ.

ಸುಂಕಮ್ಮ ಇನ್ನೂ ಹಲಗೆಗೆ ಆತುಕೊಂಡೇ ನಿಂತಿದ್ದಳು. “ಆತೇನವ್ವ?”

ಸುಳ್ಳು ಹೇಳಬೇಕೆನ್ನಿಸಲಿಲ್ಲ. ಈ ಗಾಡಿಗೆ ದುಡ್ಡು ಕೊಡುತ್ತಿದ್ದ ದೇಶದವರು ಇವತ್ತಿನಿಂದ ಕೊಡುವುದಿಲ್ಲ ಎಂದರಂತೆ, ಅದಕ್ಕೆ ಮಿಷನ್ನು ನಿಂತಿದೆ ಎಂದೆ.

ಆಕೆ ತಿರುಗಿ ನಿಂತಳು. “ಯಾವ ದೇಶದೋರು?”

“ಅಮೆರಿಕದೋರು.”

“ನಾನು ಇಲ್ಲಿ ಬಂದು ನಿಂತೀನಂತ ಅವರಿಗೆ ಯಾರು ಹೇಳಿದ್ರು?”

ಆಕೆ ಕುಹಕಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಇಷ್ಟು ದಿನ ಬಾರದವಳು ಇವತ್ತು ಬಂದಾಗಲೇ ಸರಿಯಾಗಿ ಹೇಗೆ ನಿಲ್ಲಿಸಿದರು ಎಂಬುದು ಆಕೆಯ ಪ್ರಶ್ನೆ. ಸುಂಕಮ್ಮ ಸರವನ್ನು ಕೊರಳಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಸಾಲಿನಲ್ಲಿ ನಿಂತವರಿಗೆ, “ನಡೀರಿ, ಹೊಲಕ್ಕ ಹೋಗೋಣು. ಅರ್ಧ ದಿನ ಕೂಲಿ ಆದ್ರೂ ಸಿಗತೈತಿ,” ಎಂದಳು. ಎಲ್ಲರೂ ಹೊರಟರು. ನಾನು ಖಾಲಿ ಡಬ್ಬಿ ಹಿಡಿದುಕೊಂಡು ಹಿಂದೆ ಓಡಿದೆ. ಎಕ್ಸರೇ ಇಲ್ಲದಿದ್ದರೆ ಬೇಡ, ಕಫವನ್ನಾದರೂ ಕೊಡು ಎಂದು ಬೇಡಿಕೊಂಡೆ.

“ಕರದೋರೂ ನೀವ, ಬಾಗ್ಲಾ ಹಾಕಿದೋರೂ ನೀವ. ಮತ್ತ ನನ್ನ ಮನಿ ಕಡೆ ಬರಬ್ಯಾಡವ್ವ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಗಾಡಿಯಲ್ಲಿ ವಾಪಸು ಹೊರಟೆವು. ಹಿಂದಿನ ಸೀಟಿನ ಮೇಲೆ, ಐಸ್ ತುಂಬಿದ ಪೆಟ್ಟಿಗೆಯಲ್ಲಿ ಪಾರ್ವತಿಯದೂ ಸೇರಿ ಅವತ್ತಿನ ಡಬ್ಬಿಗಳಿದ್ದವು. ಸುರೇಶ್ ಸರ್ ಮತ್ತೆ ಫೋನು ಮಾಡಿ, ಆ ಡಬ್ಬಿಗಳನ್ನು ಲ್ಯಾಬಿಗೆ ಕೊಡುವುದು ಕೂಡ ‘ಕೆಲಸ’ವೇ ಆಗುತ್ತದಂತೆ, ಸದ್ಯ ಆಫೀಸಿಗೇ ತನ್ನಿ ಎಂದರು. ಆಫೀಸಿನಲ್ಲಿಟ್ಟರೆ ಅವು ಮರುದಿನಕ್ಕೆ ಕೆಟ್ಟು ಹೋಗುತ್ತವೆ ಎಂದು ಅವರಿಗೂ ಗೊತ್ತಿತ್ತು.

ಬಳ್ಳಾರಿ ಮುಟ್ಟಿದ ಮೇಲೆ ಖಾಜಾ ಭಾಯಿ ಗಾಂಧಿನಗರದ ಕಡೆ ತಿರುಗಿಸಲಿಲ್ಲ.

“ಎಲ್ಲಿಗೆ ಭಾಯಿ?” ಎಂದೆ.

“ಗಾಡಿ ವಾಪಸ್ ತರ್ರಿ ಅಂದಾರ. ಯಾವ ದಾರಿಲೆ ಅಂತ ಹೇಳಿಲ್ಲಲ್ರಿ ಮೇಡಂ,” ಎಂದು ಸೀದಾ ಜಿಲ್ಲಾ ಪ್ರಯೋಗಾಲಯದ ಮುಂದೆ ನಿಲ್ಲಿಸಿದರು. ಅಲ್ಲಿನ ಹೆಣ್ಣುಮಗಳು ಏನೂ ಕೇಳದೆ ಪೆಟ್ಟಿಗೆ ಇಳಿಸಿಕೊಂಡಳು. ಆ ದಿನದಲ್ಲಿ ಸರಿಯಾಗಿ ನಡೆದದ್ದು ಅದೊಂದೇ.

ಮರುದಿನ ಆಫೀಸಿನಲ್ಲಿ ಎಲ್ಲರನ್ನೂ ಕೂಡಿಸಿ ಆದೇಶವನ್ನು ಓದಿ ಹೇಳಿದರು. ಊರಿಗೆ ಹೋಗಬಾರದು. ಸಭೆ ಮಾಡಬಾರದು. ರೋಗಿಗಳಿಗೆ ಫೋನು ಮಾಡಬಾರದು. ನಾನು ಎದ್ದು ನಿಂತೆ.

“ಸರ್, ಪಾರ್ವತಿ ಅನ್ನಾಕಿದು ರಿಪೋರ್ಟ್ ಬರತೈತಿ. ಟಿಬಿ ಅಂತ ಬಂದ್ರ ಆಕಿಗೆ ಯಾರು ಹೇಳ್ಬೇಕು?”

“ಸರ್ಕಾರದ ಸಿಬ್ಬಂದಿ ಹೇಳ್ತಾರವ್ವ.”

“ಹೇಳ್ತಾರ್ರಿ. ಆದ್ರ ಆ ಮನಿ ಬಾಗ್ಲಾ ತಗಸಾಕ ನನಗ ಅರ್ಧ ಸುಗ್ಗಿ ಹಿಡದೈತಿ. ಅವರಿಗೆ ತಗೀತಾರೇನ್ರಿ?”

ಸುರೇಶ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನೇನು ಮಾಡ್ಲಿ ಹೇಳು. ನಂದೂ ಕೆಲಸ ಹೋಗೇತಿ,” ಎಂದರು. ಆ ಮನುಷ್ಯನ ಮೇಲೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ. ಕೊರಳಪಟ್ಟಿ ಹಿಡಿದು ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಬೈಯಬೇಕಾದವರು ಏಳು ಸಮುದ್ರದಾಚೆ ಕುಳಿತಿದ್ದರು.

ಪಾರ್ವತಿಗೆ ಟಿಬಿ ಇರುವುದು ಖಚಿತವಾಯಿತು. ಆದೇಶ ಏನೇ ಹೇಳಲಿ, ನಾನು ಬಸ್ಸು ಹತ್ತಿ ತೆಕ್ಕಲಕೋಟೆಗೆ ಹೋದೆ. ಈಗ ನನ್ನ ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡೆ. ಬಾಗಿಲಲ್ಲಿ ಸುಂಕಮ್ಮ ನಿಂತಿದ್ದಳು.

“ನಿನಗ ಸಂಬಳ ಇಲ್ಲಂತಲ್ಲ. ಮತ್ಯಾಕ ಬಂದಿ?”

“ನಿನ್ನ ಸೊಸಿ ಸಲುವಾಗಿ ಬಂದೀನಿ.”

ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪಾರ್ವತಿಗೆ ಸರ್ಕಾರದ ಮಾತ್ರೆ ಶುರುವಾಯಿತು. ಮಗುವಿಗೂ ಪರೀಕ್ಷೆ ಮಾಡಿಸಿ ಮುಂಜಾಗ್ರತೆಯ ಔಷಧಿ ಕೊಟ್ಟರು. ಆರಂಭದಲ್ಲಿ ಪಾರ್ವತಿ ಮಾತ್ರೆ ನುಂಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಸುಂಕಮ್ಮನೇ ತಲೆ ಹಿಡಿದು, ಬೈದು, ಗಂಜಿ ಕುಡಿಸಿ ಮತ್ತೆ ನುಂಗಿಸುತ್ತಿದ್ದಳು. ಸೊಸೆಗೆ ಬೇರೆ ಗಂಗಾಳ ಇಡಲಿಲ್ಲ, ಬೇರೆ ಹಾಸಿಗೆ ಹಾಸಲಿಲ್ಲ. ತನ್ನ ಮಾತು ಎತ್ತಿದರೆ ಮಾತ್ರ, “ನಾನು ಒಮ್ಮೆ ನಿಂತು ಬಂದೀನಿ. ಸಾಕು. ಮತ್ತ ನಿಲ್ಲಂಗಿಲ್ಲ,” ಎನ್ನುತ್ತಿದ್ದಳು. ಸಿರುಗುಪ್ಪದ ಆಸ್ಪತ್ರೆಗೆ ನಡಿ, ಅಲ್ಲಿ ಎಕ್ಸರೇ ಇದೆ, ನಾನೇ ಕರೆದೊಯ್ಯುತ್ತೇನೆ ಎಂದರೆ ಕೇಳಲಿಲ್ಲ. ಎಲ್ಲರೆದುರು ಕೊರಳ ಸರ ಬಿಚ್ಚಿ ನಿಂತು, ಬೇಡವೆನ್ನಿಸಿಕೊಂಡು ಹಿಂದಿರುಗಿದ ಅವಮಾನ ಆಕೆಯೊಳಗೆ ಕಲ್ಲಾಗಿತ್ತು. ಆಕೆ ಹೋಗದಿದ್ದುದರಿಂದ ಗುಂಪಿನವರೂ ಹೋಗಲಿಲ್ಲ.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯಲ್ಲಿ ಬಂಡೆಗಲ್ಲುಗಳೇ ಉಸಿರು ಬಿಡುತ್ತವೆ. ಮೆಣಸಿನಕಾಯಿ ಮಾರಿ ಹೋಗಿ ಕಣಗಳು ಖಾಲಿಯಾದವು, ಘಾಟು ನಿಂತಿತು. ಸುಂಕಮ್ಮನ ಕೆಮ್ಮು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ರಕ್ತ ಕಾರಿಕೊಂಡಳು. ಪಾರ್ವತಿ ಫೋನು ಮಾಡಿ, “ಮೇಡಂ, ಅತ್ತಿ... ಅತ್ತಿ,” ಎಂದಷ್ಟೇ ಹೇಳಿದಳು. ನಾನು ಸಿರುಗುಪ್ಪಕ್ಕೆ ಹೋಗುವಷ್ಟರಲ್ಲಿ ಟಂಟಂನಲ್ಲಿ ಆಸ್ಪತ್ರೆಗೆ ತಂದಿದ್ದರು. ವೈದ್ಯರು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದನ್ನು ನನ್ನ ಕೈಗೆ ಕೊಟ್ಟರು. ಎದೆಯ ಎರಡೂ ಕಡೆ ರೋಗ ಹರಡಿ ಬೆಳ್ಳಗಾಗಿತ್ತು. ಜನವರಿಯಲ್ಲಿ ಆ ಹಲಗೆಗೆ ಎದೆಯಾನಿಸಿ ನಿಂತಾಗ ನಾವು ನೋಡಬೇಕಾಗಿದ್ದ ಚಿತ್ರವನ್ನು ನಾನು ಮೇ ತಿಂಗಳಲ್ಲಿ ನೋಡಿದೆ.

ವೈದ್ಯರು ಬಹಳ ಪ್ರಯತ್ನಪಟ್ಟರು. ಸುಂಕಮ್ಮ ಮುಂಗಾರಿಗೆ ಮೊದಲೇ ತೀರಿಕೊಂಡಳು. ಮೈ ತೊಳೆಯುವಾಗ ಪಾರ್ವತಿ ಯಾರನ್ನೂ ಕಾಯಲಿಲ್ಲ, ತಾನೇ ಕೊಡ ಎತ್ತಿಕೊಂಡಳು. ಆಮೇಲೆ ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೈ ಹಚ್ಚಿದರು.

ಆಮೇಲೆ ಸ್ವಲ್ಪ ದಿನಕ್ಕೆ ಬಳ್ಳಾರಿಯ ಒಂದು ಹೋಟೆಲಿನಲ್ಲಿ ಯೋಜನೆಯ ಸಮಾರೋಪ ಇಟ್ಟುಕೊಂಡರು. ನಿಲ್ಲಿಸಿದ್ದಕ್ಕೂ ಒಂದು ಸಮಾರೋಪ! ತಣ್ಣಗಿನ ಸಭಾಂಗಣ, ದೀಪ ಹಚ್ಚುವುದು, ಊಟಕ್ಕೆ ಪನೀರು. ದೆಹಲಿಯಿಂದ ಬಂದಿದ್ದ ಒಬ್ಬ ಸಲಹೆಗಾರರು ನಮಗೆಲ್ಲಾ ಶಾಲು ಹೊದಿಸಿ, ನಿಮ್ಮ ಸೇವೆಯನ್ನು ಜಗತ್ತು ಮರೆಯುವುದಿಲ್ಲ ಎಂದರು. ಆಮೇಲೆ ಕೊನೆಯ ವರದಿಗೆ ಬೇಕು, ಒಂದೊಂದು ಯಶಸ್ಸಿನ ಕಥೆ ಹೇಳಿ ಎಂದರು. ನನ್ನ ಕೈಗೆ ಮೈಕು ಬಂತು.

ನಾನು ಸುಂಕಮ್ಮನ ಕಥೆ ಹೇಳಿದೆ. ಬೇವಿನ ಮರದ ಕೆಳಗಿನದರಿಂದ ಹಿಡಿದು ಮೈ ತೊಳೆದದ್ದರ ತನಕ. ಖಾಜಾ ಭಾಯಿ ತಲೆ ತಗ್ಗಿಸಿ ಕುಳಿತಿದ್ದರು. ಸಲಹೆಗಾರರು ಮೆತ್ತಗೆ, “ಬಹಳ ದುಃಖದ ಸಂಗತಿ. ಆದರೆ ನಾವು ಸಕಾರಾತ್ಮಕವಾಗಿ ಮುಗಿಸೋಣ ಅಲ್ಲವೇ?” ಎಂದರು.

“ಮುಗಿಸಿದ್ದು ನೀವ್ರಿ ಸರ್,” ಎಂದೆ. “ಕೊಡೋದು ಬಿಡೋದು ಅಮೆರಿಕದೋರ ಇಚ್ಛಾ. ನಮ್ಮದೇನೂ ಸಾಲ ಇರಲಿಲ್ಲ ಅವರ ಮ್ಯಾಲೆ. ಆದ್ರ ಬ್ಯಾನಿ ಬಿದ್ದಾಕಿನ್ನ ಮಿಷನ್ ಮುಂದ ನಿಲ್ಲಿಸಿ, ಆಮ್ಯಾಲೆ ಕರೆಂಟ್ ತಗದಂಗ ತಗೀಬಾರದಿತ್ತು. ಒಂದು ತಿಂಗಳು ಮೊದಲ ಹೇಳಿದ್ರ ಸಾಲು ಮುಗಿಸಿ ಬರ್ತಿದ್ವಿ. ಮತ್ತ ನಾವರ ಎಂಥೋರ್ರಿ? ನಮ್ಮ ಗುಡ್ಡ ಕಡದು ಲೋಕಕ್ಕೆಲ್ಲಾ ಕಬ್ಬಿಣ ಕಳಿಸಿದ ಜಿಲ್ಲಾ ಇದು. ಸುಂಕಮ್ಮಗ ಒಂದು ಎಕ್ಸರೇ ತಗಿಯಾಕ ಇನ್ನೊಬ್ಬರ ಬಾಗ್ಲಾಗ ನಿಲ್ಲಬೇಕಾಗಿತ್ತೇನು?”

ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದೂ ನನಗೆ ಬೇಡವಾಗಿತ್ತು. ಶಾಲನ್ನು ಕುರ್ಚಿಯ ಮೇಲಿಟ್ಟು ಊಟಕ್ಕೆ ನಿಲ್ಲದೆ ಹೊರಗೆ ಬಂದೆ. ವರದಿಯಲ್ಲಿ ಏನು ಬರೆದರೋ ನಾನು ನೋಡಿಲ್ಲ.

ಈಗ ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಕೆಲಸ ಮಾಡುತ್ತೇನೆ. ವಾರದ ರಜೆಯ ದಿನ ಪಾರ್ವತಿಯ ಫೋನು ಬಂದರೆ ತೆಕ್ಕಲಕೋಟೆಗೆ ಹೋಗುತ್ತೇನೆ. ಆಕೆಯ ಮಾತ್ರೆಗಳು ಮುಗಿದಿವೆ, ಪೂರ್ತಿ ಗುಣವಾಗಿದ್ದಾಳೆ. ಗುಂಪಿಗೆ ಈಗ ಆಕೆಯೇ ಮೇಸ್ತ್ರಿ. ಅತ್ತೆಯಷ್ಟೇ ಗಟ್ಟಿ ಗಂಟಲು, ಅದರಲ್ಲಿ ಕೆಮ್ಮಿಲ್ಲ. ಅತ್ತೆ ಸತ್ತ ಮೇಲೆ ಗುಂಪಿನಲ್ಲಿ ಯಾರು ಕೆಮ್ಮಿದರೂ ಆಕೆ ಬಿಡುವುದಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಸಿರುಗುಪ್ಪದ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾಳೆ.

ಹೋದ ತಿಂಗಳು ಹಾಗೇ ಗುಂಪಿನ ಗಂಗಮ್ಮನನ್ನು ಕರೆದುಕೊಂಡು ಹೊರಟಿದ್ದೆವು. ಗಂಗಮ್ಮ ಜ್ವರದಿಂದ ನಿಲ್ಲಲಾರದೆ ಬಸ್ ನಿಲ್ದಾಣದ ಕಂಬ ಹಿಡಿದುಕೊಂಡಿದ್ದಳು. ಬಸ್ಸು ಬರುವುದು ತಡವಾಯಿತು. ನನಗೆ ಮತ್ತೆ ಸಿಟ್ಟು ಏರಿತು. ಎರಡು ದೇಶದ ಸರ್ಕಾರಗಳು ಮಾಡಬೇಕಾದ ಕೆಲಸವನ್ನು ತನ್ನ ಕೂಲಿ ಕಳೆದುಕೊಂಡು ಒಬ್ಬ ಹೆಣ್ಣುಮಗಳು ಯಾಕೆ ಮಾಡಬೇಕು ಎಂದು ಅಮೆರಿಕವನ್ನು, ದೆಹಲಿಯನ್ನು, ಬೆಂಗಳೂರನ್ನು ಒಬ್ಬರನ್ನೂ ಬಿಡದೆ ಬೈಯತೊಡಗಿದೆ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ.

“ಮೇಡಂ, ಬೈಯಾದು ಆಮ್ಯಾಲೆ,” ಎಂದು ನನ್ನ ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ತಳ್ಳಿದಳು. “ಮೊದಲು ಹೋಗಿ ಸೀಟು ಹಿಡೀರಿ. ಈಕಿಗೆ ನಿಲ್ಲಾಕ ಆಗಂಗಿಲ್ಲ.”